ಚೆಂಡು ಕೈಯಲ್ಲಿಲ್ಲದಾಗ

ಮಿಲ್ ಕ್ರೀಕ್, ನೆಬ್ರಾಸ್ಕ
ಆಗಸ್ಟ್ ಕೊನೆಯ ಬುಧವಾರ, ಬೆಳಗಿನ ಬಲಿಪೂಜೆ ಮುಗಿಸಿ ಬಂದ ಮೇಲೆ

ನನ್ನ ಮಗಳು ಶೆಲ್ಬಿಗೆ,

ಮಾತೆ ಮರಿಯಮ್ಮನವರು ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ. ನಿನ್ನ ಗಂಡ ಗ್ರಾಂಟ್ ಚೆನ್ನಾಗಿದ್ದಾನೆಂದು ನಂಬಿದ್ದೇನೆ. ನಿನ್ನ ಅತ್ತೆಯವರೂ ಚೆನ್ನಾಗಿರಲಿ. ಈ ಕೊನೆಯ ವಾಕ್ಯ ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೂ ಬರೆದಿದ್ದೇನೆ, ದೇವರು ನೋಡಿದ್ದಾನೆ.

ಫೋನಿರುವಾಗ ಅಮ್ಮನದೇನು ಕಾಗದ ಎಂದು ನೀನು ನಗುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು "ಅಮ್ಮಾ..." ಎಂದು ಎಳೆಯುತ್ತೀಯ. ನಾನು ಕರಗಿ, ಹೇಳಬೇಕಾದ್ದನ್ನು ಬಿಟ್ಟು, ಜೋಳ ಹೇಗೆ ಬಂದಿದೆ ಎಂದು ಹೇಳಿ ಇಟ್ಟುಬಿಡುತ್ತೇನೆ. ಕಾಗದ ಹಾಗೆ ಎಳೆಯುವುದಿಲ್ಲ.

ಶುಕ್ರವಾರ ನೀನು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಅಮ್ಮ, ಮುಂದಿನ ವಾರದ ಭಾನುವಾರ ಡ್ರಾಫ್ಟಲ್ಲಿ ನೀನು ಸೆಡ್ಲಾಕ್‌ನ್ನೇ ತಗೊಳ್ತೀಯ ತಾನೇ?" ನಾನು "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಉಕ್ಕುತ್ತಿದ್ದದ್ದು ನಾನೇ. ಅಮ್ಮ ಹೇಗಿದ್ದೀಯ ಎನ್ನಲಿಲ್ಲ, ಭಾನುವಾರ ನಿನ್ನ ಪಕ್ಕ ಯಾರು ಕೂರುತ್ತಾರೆ ಎನ್ನಲಿಲ್ಲ. ಮೊದಲ ಸರದಿಯಲ್ಲಿ ನಾನು ಯಾರನ್ನು ಆರಿಸುತ್ತೇನೆ ಎಂದು ತಿಳಿದುಕೊಂಡು ಆ ಕಡೆ ಹೇಳಬೇಕಿತ್ತು ನಿನಗೆ. ಆ ಪ್ರಶ್ನೆ ನಿನ್ನ ಬಾಯಿಂದ ಬಂದರೂ ಅದರ ಹಿಂದೆ ನಿನ್ನ ಅತ್ತೆ ಮಾಡುವ ಹುಳಿಸಿಹಿ ತಿಂಡಿಯ, ಆ ಲಿಂಬೆ ಬಾರಿನ, ವಾಸನೆ ಇತ್ತು.

ಉತ್ತರ ಕೊಡುತ್ತೇನೆ. ಆದರೆ ನನ್ನ ದಾರಿಯಲ್ಲಿ ಬಂದು ಕೊಡುತ್ತೇನೆ.

ನಿನ್ನ ಚಿಕ್ಕಮ್ಮ ಮಾರ್ಲಾ ಈಗಲೂ ಆಡಿಕೊಳ್ಳುತ್ತಾಳೆ. "ಅಲ್ಲ ಕಣೇ, ಟೀವೀಲಿ ಯಾವನೋ ಹುಡುಗ ಚೆಂಡು ಹೊತ್ಕೊಂಡು ಓಡ್ತಾನೆ, ಇಲ್ಲಿ ಕೂತಿರೋ ನಿಂಗೆ ಅಂಕ ಬರುತ್ತಾ? ನೀನೇನು ಅವನ ಬೆವರು ಒರೆಸ್ತೀಯಾ?" ಒರೆಸುವುದಿಲ್ಲ, ಆರಿಸುತ್ತೇನೆ ಅಂದೆ. ಹತ್ತು ಮನೆಯವರು ಚರ್ಚಿನ ಸಭಾಂಗಣದಲ್ಲಿ ಕೂತು, ದೇಶದ ದೊಡ್ಡ ಫುಟ್‌ಬಾಲ್ ತಂಡಗಳಲ್ಲಿ ಆಡುವವರನ್ನು ನಿನಗಿವನು, ನನಗಿವನು ಎಂದು ಸರದಿಯ ಪ್ರಕಾರ ಕಾಗದದ ಮೇಲೆ ಹಂಚಿಕೊಳ್ಳುತ್ತೇವೆ, ಅದೇ ಡ್ರಾಫ್ಟ್. ಅವನು ಅಲ್ಲಿ ಮೈದಾನದಲ್ಲಿ ಓಡಿದಷ್ಟು ಗಜ ಇಲ್ಲಿ ನಮ್ಮ ಕಾಗದದ ತಂಡಕ್ಕೆ ಅಂಕ. ಹಳೆಯ ಆಟಗಾರರನ್ನು ಯಾರು ಬೇಕಾದರೂ ಆರಿಸಬಹುದು, ಅವರ ಜಾತಕ ಎಲ್ಲರಿಗೂ ಗೊತ್ತು. ಕಾಲೇಜು ಮುಗಿಸಿ ಈ ವರ್ಷವೇ ದೊಡ್ಡ ಆಟಕ್ಕೆ ಕಾಲಿಡುವ ಹೊಸ ಹುಡುಗರನ್ನು ಆರಿಸುವುದು ಮಾತ್ರ ಮಗಳಿಗೆ ಗಂಡು ನೋಡುವ ಹಾಗೆ. ಒಳ್ಳೆಯ ಅಂಗಿ ಎಲ್ಲರ ಮೈಮೇಲೂ ಇರುತ್ತದೆ, ಒಳಗೇನಿದೆ ಎಂದು ಕಾಣಬೇಕು.

ಹಾಗೆ ಕಾಣುವುದನ್ನು ನಮಗೆ ಕಲಿಸಿದವರು ನಿಮ್ಮಪ್ಪ. ಲೆನ್ ಟೀವಿಯ ಸದ್ದು ಪೂರ್ತಿ ತೆಗೆದುಬಿಡುತ್ತಿದ್ದರು. "ಆ ಕೂಗೋರು ನಮ್ ಕಣ್ಣನ್ನ ಚೆಂಡಿನ ಹಿಂದೆ ಎಳ್ಕೊಂಡ್ ಹೋಗ್ತಾರೆ ಜೋಲೀ. ಚೆಂಡು ಕೈಲಿದ್ದಾಗ ಎಲ್ಲಾ ಹುಡುಗ್ರೂ ಚೆಂದವೇ. ಇಲ್ದಾಗ ಏನ್ ಮಾಡ್ತಾನೆ, ಅದನ್ನ ನೋಡು." ನೀನು ನೆಲದ ಮೇಲೆ ನನ್ನ ಮೊಣಕಾಲಿಗೆ ಒರಗಿ ಕೂರುತ್ತಿದ್ದೆ, ನಾನು ನಿನ್ನ ಜಡೆ ಹೆಣೆಯುತ್ತಿದ್ದೆ. ಮನೆಯಲ್ಲಿ ನಿಮ್ಮಪ್ಪ ಸೂರ್ಯಕಾಂತಿ ಬೀಜ ಕಡಿಯುವ ಸದ್ದೊಂದೇ. ನಡುವೆ ಒಮ್ಮೆ ಯಾರಾದರೂ "ನೋಡಿದ್ಯಾ?" ಎನ್ನುತ್ತಿದ್ದೆವು. ಮೂವರೂ ನೋಡಿರುತ್ತಿದ್ದೆವು. ಅವರು ದೇವರ ಹತ್ತಿರ ಹೋದ ಮೇಲೆ ನಮ್ಮ ಮನೆಯ ಕಾಗದದ ತಂಡವನ್ನು ನಾವಿಬ್ಬರೇ ನಡೆಸಿದೆವು. ನಾನು ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ, ಎಂಟು ತರಗತಿಗೂ ಒಬ್ಬರೇ ಟೀಚರು ಇದ್ದಲ್ಲಿ ಓದಿದವಳು. ಅಂಕಿಸಂಖ್ಯೆ ನೀನು ನೋಡುತ್ತಿದ್ದೆ, ಹುಡುಗನ ನಡತೆ ನಾನು ನೋಡುತ್ತಿದ್ದೆ.

ಕಳೆದ ವರ್ಷ ನಾನು ಎಡವಿದೆ, ಒಪ್ಪುತ್ತೇನೆ. ಟಕರ್ ಯಾನ್ಸಾ ನಮ್ಮ ರಾಜ್ಯದ ಹುಡುಗ, ಅಜ್ಜಿ ಪಕ್ಕದ ಕೌಂಟಿಯವಳು, ಅಂಕ ಗಳಿಸಿದಾಗಲೆಲ್ಲ ಮೊಣಕಾಲೂರಿ ಶಿಲುಬೆಯ ಗುರುತು ಹಾಕುತ್ತಿದ್ದ. ನಮ್ಮ ಹುಡುಗ ಎಂದರೆ ಸಾಕು, ಈ ರಾಜ್ಯದಲ್ಲಿ ಎಲ್ಲರ ಕಣ್ಣೂ ಮಂಜಾಗುತ್ತದೆ, ಅದು ನಮ್ಮ ಮಣ್ಣಿನ ಕಾಯಿಲೆ. ನೀನು ಬೇಡ ಬೇಡ ಎಂದು ತೋಳು ಹಿಡಿದೆಳೆದರೂ ನಾನು ಅವನ ಹೆಸರಿನ ಚೀಟಿ ಬೋರ್ಡಿಗೆ ಅಂಟಿಸಿಬಿಟ್ಟೆ. ಅವನು ಇಡೀ ಋತು ಬೆಂಚಿನ ಮೇಲೆ ಕೂತು ನೀರು ಕುಡಿದ. ನೀನು ಎಲ್ಲರೆದುರು "ಅಮ್ಮ, ನೀನು ಆಟಗಾರನ್ನ ಆರಿಸ್ತಿಲ್ಲ, ಅಳಿಯನ್ನ ಆರಿಸ್ತಿದೀಯ! ಅಳಿಯ ಆಗ್ಲೇ ಗೊತ್ತಾಗಿದಾನೆ!" ಎಂದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಕಾರಿನಲ್ಲಿ ನಗಲಿಲ್ಲ.

ಕೊನೆಯ ಸ್ಥಾನಕ್ಕೆ ಬಂದವರಿಗೆ ನಮ್ಮಲ್ಲಿ ಮರುವರ್ಷ ಮೊದಲ ಸರದಿ ಕೊಡುತ್ತಾರೆ, ಅದಕ್ಕೆ ಮುಂಚೆ ಏನು ಮಾಡುತ್ತಾರೆಂದು ನಿನಗೆ ಗೊತ್ತಲ್ಲ. ಚರ್ಚಿನ ಬಾತುಕೋಳಿ ಊಟದ ದಿನ ಉಣ್ಣೆಯ ಹೆಬ್ಬಾತಿನ ಟೋಪಿ ಹಾಕಿಕೊಂಡು ಹಂಡೆಯಂಥ ಪಾತ್ರೆಗಳನ್ನೆಲ್ಲ ಉಜ್ಜಿದೆ. ಕೊಕ್ಕು ಕಣ್ಣಿನ ಮೇಲೆ ಜೋಲುತ್ತಿತ್ತು. ನೀನು ಹೊಸ ಮದುವಣಗಿತ್ತಿ, ಗ್ರಾಂಟನ ಮನೆಯವರ ಮೇಜಿನಲ್ಲಿ ಕೂತಿದ್ದೆ. ನಿನ್ನ ಅತ್ತೆ ಎದ್ದು ಬಂದು ಫೋಟೊ ತೆಗೆದರು. "ಅಯ್ಯೋ ಜೋಲೀನ್, ಎಷ್ಟು ಒಪ್ಪುತ್ತೆ ನಿಮಗೆ!" ಎಂದರು. ಹೆಬ್ಬಾತು ನನಗೆ ಒಪ್ಪುತ್ತದಂತೆ.

ಆಮೇಲೆ ಮುದುಕ ಪೊಸ್ಪಿಶಿಲ್ ಮಂಡಿ ನೋವೆಂದು ಅರಿಜೋನದ ಬಿಸಿಲಿಗೆ ಹೋದರು, ಅವರ ತಂಡ ಖಾಲಿ ಬಿತ್ತು. ನಿನ್ನ ಅತ್ತೆ ಗ್ವೆನ್ ಲಿಂಡ್‌ಹೋಮ್ ಅದನ್ನು ಕೇಳಿದರು, ಲೀಗ್ ನಡೆಸುವ ಫಾದರ್ ಕುಬಿಕ್ ಕೊಟ್ಟೇಬಿಟ್ಟರು. ಸಂತರನ್ನು ಒಪ್ಪದ ಲೂಥರನ್ ಹೆಂಗಸಿಗೆ ಸಂತ ವೆನ್ಸೆಸ್ಲಾಸರ ಸಭಾಂಗಣದಲ್ಲಿ ಮೇಜು! ನಾನು ಕೇಳಿದ್ದಕ್ಕೆ ಫಾದರ್, "ಅವರೂ ಕ್ರಿಸ್ತನ ಮಕ್ಕಳೇ ಜೋಲೀನ್. ಮೇಲಾಗಿ ಲಿಂಬೆ ಬಾರ್ ತರ್ತಾರೆ" ಎಂದರು. ನಾನು ಮಾಡುವ ಹೂರಣದ ಬನ್ನು, ನನ್ನ ಕೊಲಾಚೆ, ತಿಂದೇ ಮೈ ಬೆಳೆಸಿದ ಪಾದ್ರಿ! ಅದನ್ನೂ ನುಂಗಿಕೊಂಡೆ. ಆದರೆ ನೀನು ಆ ತಂಡದಲ್ಲಿ ಅರ್ಧ ಪಾಲುದಾರಳಾದ ಸುದ್ದಿಯನ್ನು ನಿನ್ನ ಬಾಯಿಂದ ಕೇಳಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಮಿಸೆಸ್ ಬಾರ್ಟೊಸ್ ಹೇಳಿದಳು. "ನಿನ್ನ ಮಗಳು ಅತ್ತೆ ಜೊತೆ ಸೇರ್ಕೊಂಡ್ಲಂತಲ್ಲ, ಎಷ್ಟು ಚೆಂದ ಹೊಂದಿಕೊಂಡಿದಾಳೆ!" ಎಂದಳು. ನಾನು "ದೇವರ ದಯೆ" ಎಂದೆ.

ಸೊಸೆಯಾದವಳು ಅತ್ತೆಯ ಜೊತೆ ಚೆನ್ನಾಗಿರಬೇಕು, ಹಾಗೇ ಇರಲೆಂದು ನಿನ್ನ ಮದುವೆಗೆ ಮುಂಚೆ ಒಂಬತ್ತು ದಿನ ಪ್ರಾರ್ಥನೆ ಮಾಡಿದವಳೂ ನಾನೇ. ಪ್ರಾರ್ಥನೆ ಇಷ್ಟು ಚೆನ್ನಾಗಿ ಫಲಿಸುತ್ತದೆಂದು ಗೊತ್ತಿದ್ದರೆ ಏಳು ದಿನಕ್ಕೆ ನಿಲ್ಲಿಸುತ್ತಿದ್ದೆ.

ಈಗ ಆ ಶನಿವಾರದ ವಿಷಯ. ಈ ತಿಂಗಳ ಮೊದಲ ಶನಿವಾರ ನಾನು ಕೊಲಾಚೆ ಡಬ್ಬ ನಿನ್ನ ಮನೆಯ ಮೆಟ್ಟಿಲ ಮೇಲಿಟ್ಟು ಹೊರಟುಬಿಟ್ಟೆನಲ್ಲ. ಆಮೇಲೆ ನೀನು "ಒಳಗೆ ಬರಬಾರ್ದಿತ್ತಾ?" ಎಂದು ಕೇಳಿದೆ, ನಾನು ಕಾರನ್ನು ಯಾರದೋ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದೆ ಎಂದೆ. ಸುಳ್ಳು. ನಾನು ಸೊಳ್ಳೆಪರದೆಯ ಬಾಗಿಲ ತನಕ ಬಂದಿದ್ದೆ. ಗಸಗಸೆ ಹೂರಣ, ನಿನಗಿಷ್ಟವಾದದ್ದು, ಡಬ್ಬ ಇನ್ನೂ ಬಿಸಿ. ಪರದೆಯಾಚೆ ಟೀವಿ ಓಡುತ್ತಿತ್ತು, ಸದ್ದಿರಲಿಲ್ಲ. ನೀನು ನೆಲದ ಮೇಲೆ ಕೂತಿದ್ದೆ. ನಿನ್ನ ಅತ್ತೆ ಸೋಫಾದಲ್ಲಿ ಕೂತು ನಿನ್ನ ಜಡೆ ಹೆಣೆಯುತ್ತಿದ್ದರು. ಟೀವಿಯಲ್ಲಿ ಯಾರೋ ಹುಡುಗರು ಓಡಿದರು. ನಿನ್ನ ಅತ್ತೆ ನಿನ್ನ ತಲೆಯನ್ನು ಮೆಲ್ಲಗೆ ತಿರುಗಿಸಿ, "ಚೆಂಡನ್ನ ಬಿಡು ಚಿನ್ನ, ಹುಡುಗನ್ನ ನೋಡು" ಎಂದರು.

ಜಡೆಯೊಂದೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. ಕೂದಲು ನಿನ್ನದು, ಯಾರ ಕೈಗೆ ಬೇಕಾದರೂ ಕೊಡು. ಆದರೆ ಆ ಮಾತು? ನಿಮ್ಮಪ್ಪನ ಮಾತು ಆ ಹೆಂಗಸಿನ ಬಾಯಿಗೆ ಹೇಗೆ ಹೋಯಿತು? ಲೆನ್ ಅವರಿಗೆ ಹೇಳಿಲ್ಲ, ನಾನು ಹೇಳಿಲ್ಲ. ನಮ್ಮ ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ ಮಗಳೇ, ಇದ್ದದ್ದು ಆ ನೋಟ ಒಂದೇ. ಅದನ್ನು ಲಿಂಬೆ ಬಾರಿನ ತಟ್ಟೆಯ ಪಕ್ಕ ಇಟ್ಟು ಕೊಟ್ಟುಬಿಟ್ಟೆಯಲ್ಲ. ದಾರಿಯುದ್ದಕ್ಕೂ ಜಪಸರ ಹಿಡಿದು ಕಾರು ಓಡಿಸಿದೆ, ಯಾವ ಮಣಿಯಲ್ಲಿದ್ದೇನೆ ಎಂದು ಒಮ್ಮೆಯೂ ಗೊತ್ತಾಗಲಿಲ್ಲ.

ಇರಲಿ. ಹುಡುಗರ ವಿಷಯಕ್ಕೆ ಬರುತ್ತೇನೆ. ಈ ವರ್ಷ ಹೊಸಬರಲ್ಲಿ ಮೂವರೇ ಮೂವರು. ಮಿಕ್ಕವರು ಜೊಳ್ಳು.

ಮೊದಲನೆಯವನು ಡಾರಿಯನ್ ಬೀಕ್ಸ್. ಚೆಂಡು ಹಿಡಿಯುವ ಹುಡುಗ, ಅಂಗೈಗೆ ಅಂಟು ಬಳಿದುಕೊಂಡು ಹುಟ್ಟಿದ ಹಾಗಿದ್ದಾನೆ. ಎಲ್ಲರ ಬಾಯಲ್ಲೂ ಅವನೇ. ಆದರೆ ಚೆಂ‍ಡು ತನ್ನ ಕಡೆ ಬರುವುದಿಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ಅವನು ಓಟ ಬಿಟ್ಟು ನಡೆಯಲು ಶುರುಮಾಡುತ್ತಾನೆ, ಸೊಂಟದ ಮೇಲೆ ಕೈ, ಮದುವೆ ಮನೆಯಲ್ಲಿ ಊಟ ತಡವಾದ ಮಾವನ ಹಾಗೆ. ಸಾಲದ್ದಕ್ಕೆ ಅವನ ತಂಡದಲ್ಲಿ ಚೆಂಡು ಎಸೆಯುವವನ ಕೈ ನೆಟ್ಟಗಿಲ್ಲ. ಬೀಕ್ಸ್ ಫಾದರ್ ಕುಬಿಕರಿಗಿರಲಿ. ಎರಡನೆಯ ಸರದಿ ಅವರದು, ಅವರಿಗೆ ಹೊಳೆಯುವುದೆಲ್ಲ ಇಷ್ಟ.

ಎರಡನೆಯವನು ಟ್ರೆಂಟ್ ಸೆಡ್ಲಾಕ್. ಹೌದು, ನಮ್ಮ ರಾಜ್ಯದವನೇ. ಹೌದು, ಹೊಲದ ಮನೆಯವನೇ. ನಗು. ಹೈಸ್ಕೂಲಿನಲ್ಲಿದ್ದಾಗ ಪಂದ್ಯಕ್ಕೆ ನಮ್ಮೂರಿಗೆ ಬಂದಿದ್ದ, ನಮ್ಮ ಶಾಲೆಯ ಅಡುಗೆಮನೆಯಲ್ಲಿ ನಾನೇ ಬಡಿಸಿದ್ದೆ. ತನ್ನ ತಟ್ಟೆಯ ಜೊತೆ ಪಕ್ಕದವರ ತಟ್ಟೆಯನ್ನೂ ಎತ್ತಿ ತಂದಿಟ್ಟು, "ಸಾರು ಚೆನ್ನಾಗಿತ್ತು ಮೇಡಂ" ಎಂದ. ಅವನ ಜಾಗ ಕಷ್ಟದ್ದು. ಬೆಟ್ಟದಂಥವನ ಎದುರು ಅಡ್ಡ ನಿಂತು ತಡೆಯಬೇಕು, ಮರುಗಳಿಗೆ ಓಡಿ ಚೆಂಡನ್ನೂ ಹಿಡಿಯಬೇಕು. ಆ ಜಾಗದ ಹುಡುಗರು ಪಕ್ವವಾಗಲು ಎರಡು ಮೂರು ವರ್ಷ ಬೇಕು ಎಂದು ನೀನೇ ನನಗೆ ಹೇಳಿಕೊಟ್ಟಿದ್ದೀಯ. ನಿನ್ನ ಅತ್ತೆಯ ಬಣ್ಣ ಬಣ್ಣದ ಪಟ್ಟಿಗಳಲ್ಲೂ ಅದೇ ಇರುತ್ತದೆ, ಅದು ಸರಿಯೂ ಹೌದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀಯ. ನಾನು ಅವನನ್ನು ಹೆತ್ತಿಲ್ಲ, ಒಂದು ಹೊತ್ತು ಬಡಿಸಿದ್ದೇನೆ. ಬಡಿಸಿದವಳಿಗೂ ಮುದ್ದೇ.

ಮೂರನೆಯವನು ಐಸಾಯ ಗ್ಯಾಡ್ಸ್‌ಬಿ, ಚೆಂಡು ಹೊತ್ತು ಓಡುವವನು. ಇವನ ಹೆಸರಿನ ಮುಂದೆ ಎರಡು ಸಾಲು ಮಸಿ ಬಳಿದಿರುವುದು ಕಾಣುತ್ತದಲ್ಲ? ಅಲ್ಲಿ ಅವನ ಕಣಕಾಲು ಊದಿದೆ, ಚೆಂಡು ಬೀಳಿಸುತ್ತಾನೆ ಎಂದೆಲ್ಲ ಬರೆದಿದ್ದೆ. ಓದಿ ನೋಡಿದೆ, ಗೋಡೆಯ ಮೇಲಿದ್ದ ಶಿಲುಬೆಯ ಕಡೆ ನೋಡಲಾಗಲಿಲ್ಲ, ಹೊಡೆದುಹಾಕಿದೆ. ಈಗ ನಿಜ ಬರೆಯುತ್ತೇನೆ. ನಿನ್ನ ಅತ್ತೆಗೂ ಇವನೇ ಬೇಕೆಂದು ನನಗೆ ಗೊತ್ತು. ನಾನು ಸೆಡ್ಲಾಕನ ಹಿಂದೆ ಹೋದರೆ, ಫಾದರ್ ಬೀಕ್ಸನ ಹಿಂದೆ ಹೋದರೆ, ಮೂರನೆಯ ಸರದಿಯ ನಿಮಗೆ ಇವನು ಬಿಟ್ಟಿ ಸಿಗುತ್ತಾನೆ. ಆ ಲೆಕ್ಕಕ್ಕೇ ನೀನು ಫೋನ್ ಮಾಡಿದ್ದು.

ಮೊನ್ನೆ ಅಭ್ಯಾಸ ಪಂದ್ಯ ನೋಡಿದೆ, ಸದ್ದು ತೆಗೆದು. ಎದುರು ಪಾಳಯದಿಂದ ಎತ್ತಿನಂಥ ಒಬ್ಬ, ಚೆಂಡು ಎಸೆಯುವವನ ಮೇಲೆ ನುಗ್ಗಿ ಬಂದ. ಗ್ಯಾಡ್ಸ್‌ಬಿಯ ಕೈಯಲ್ಲಿ ಚೆಂಡಿರಲಿಲ್ಲ, ಅವನಿಗೆ ಆ ಆಟದಲ್ಲಿ ಏನೂ ಸಿಗುವುದೂ ಇರಲಿಲ್ಲ. ಆದರೂ ಎರಡು ಹೆಜ್ಜೆ ಅಡ್ಡ ಬಂದು ಆ ಎತ್ತನ್ನು ಎದೆಯ ಮೇಲೆ ತೆಗೆದುಕೊಂಡ. ಎಸೆದ ಚೆಂಡು ದೂರದಲ್ಲಿ ಇನ್ಯಾರಿಗೋ ಸಿಕ್ಕಿ ಅಂಕವಾಯಿತು, ಕ್ಯಾಮೆರಾ ಅಲ್ಲಿಗೆ ಓಡಿತು. ಓಡುವ ಮುಂಚೆ ಪರದೆಯ ಮೂಲೆಯಲ್ಲಿ ಕಂಡೆ, ಅಂಗಾತ ಬಿದ್ದಿದ್ದವನು ಎದ್ದು, ಕುಣಿಯಲು ಹೋಗದೆ, ಪಕ್ಕದಲ್ಲಿ ಬಿದ್ದಿದ್ದ ಜೊತೆಯವನಿಗೆ ಕೈ ಚಾಚಿದ. ಎಸೆಯುವವನನ್ನು ಕಾಯಬಲ್ಲ ಹುಡುಗನನ್ನು ಯಾವ ಕೋಚೂ ಹೊರಗೆ ಕೂರಿಸುವುದಿಲ್ಲ. ಮೈದಾನದಲ್ಲೇ ಇರುವವನಿಗೆ ಚೆಂಡು ತಾನಾಗಿ ಸಿಗುತ್ತದೆ. ಇವನು ಮೊದಲ ವಾರದಿಂದಲೇ ಆಡುತ್ತಾನೆ, ಬರೆದಿಟ್ಟುಕೋ.

ನಾನು ಪಕ್ಕಕ್ಕೆ ತಿರುಗಿ "ನೋಡಿದ್ಯಾ?" ಎಂದೆ. ಪಕ್ಕದಲ್ಲಿ ಸೋಫಾದ ದಿಂಬಿತ್ತು.

ಶನಿವಾರ ಪಾಪನಿವೇದನೆಗೆ ಹೋದೆ. ನಾನು ಹೇಳಿದ್ದನ್ನು ನಾನೇ ನಿನಗೆ ಹೇಳಿದರೆ ತಪ್ಪಿಲ್ಲ.

"ಹೊಟ್ಟೆಕಿಚ್ಚು ಫಾದರ್" ಎಂದೆ.

"ಯಾರ ಮೇಲೆ?"

"ಬೀಗಿತ್ತಿ ಮೇಲೆ. ನನ್ನ ಮಗಳ ಜಡೆ ಹೆಣೆದ್ರು."

ಜಾಲರಿಯ ಆ ಕಡೆ ಕುರ್ಚಿ ಕಿರುಗುಟ್ಟಿತು. "ಅಷ್ಟೇನಾ?"

"ಅಷ್ಟೇ ಅಲ್ಲ. ಅವರಿಗೆ ಸಿಗಬಾರದು ಅಂತಲೇ ಗ್ಯಾಡ್ಸ್‌ಬಿನ ಮೊದಲ ಸರದೀಲಿ ನಾನು ತಗೊಂಡ್ರೆ ಅದು ಸೇಡಾಗುತ್ತಾ, ಆಟ ಆಗುತ್ತಾ?"

ಫಾದರ್ ಕೆಮ್ಮಿದರು. "ನೋಡಿ ಜೋಲೀನ್, ಎರಡನೇ ಸರದಿ ನಂದು. ಈ ಪ್ರಶ್ನೆಗೆ ನಾನು ಉತ್ತರ ಕೊಟ್ರೆ ಪಾಪನಿವೇದನೆಗೆ ನಾನೇ ಪಕ್ಕದೂರಿಗೆ ಹೋಗ್ಬೇಕಾಗುತ್ತೆ." ಒಂದು ಜಪಸರ ಹೇಳಲು ತಿಳಿಸಿದರು, ಮಗಳ ಹತ್ತಿರ ಮಾತಾಡಲು ಹೇಳಿದರು. "ಗ್ಯಾಡ್ಸ್‌ಬಿ ವಿಷಯ ದೇವರಿಗೆ ಬಿಡಿ" ಎಂದವರು ಸ್ವಲ್ಪ ತಡೆದು, "ಇಲ್ಲಾಂದ್ರೆ ನಂಗೆ ಬಿಡಿ" ಎಂದರು.

ಮಿಕ್ಕ ಸುದ್ದಿ ಹೆಚ್ಚಿಲ್ಲ. ಸೋಮವಾರ ಹಲ್ಲು ತೋರಿಸಿಕೊಂಡು ಬಂದೆ, ಹುಳುಕೇನೂ ಇಲ್ಲ, ಎಡಗಡೆಯ ಒಸಡು ಮಾತ್ರ ಇನ್ನೂ ಜುಮ್ ಎನ್ನುತ್ತಿದೆ. ಮಾರ್ಲಾಳ ಬೆಕ್ಕು ಮತ್ತೆ ನಮ್ಮ ಕೊಟ್ಟಿಗೆಯಲ್ಲಿ ಮರಿ ಹಾಕಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನಮ್ಮ ಲೀಗಿನಲ್ಲಿ ಸರದಿಯನ್ನು ಯಾವುದಕ್ಕೆ ಬೇಕಾದರೂ ಬದಲು ಕೊಡಬಹುದು, ಎರಡು ತಂಡದವರು ಕೈ ಕುಲುಕಿದರೆ ಮುಗಿಯಿತು. ಮಿಸೆಸ್ ಬಾರ್ಟೊಸ್ ಒಂದು ವರ್ಷ ತನ್ನ ಸರದಿ ಕೊಟ್ಟು ಚಳಿಗಾಲವಿಡೀ ಅಂಗಳದ ಹಿಮ ಎತ್ತಿಸಿಕೊಂಡಳು. ನಿಮ್ಮಪ್ಪ ಚೆಂಡು ಒದೆಯುವವನೊಬ್ಬನನ್ನು ಕೊಟ್ಟು ಗಬ್ಬದ ಹಂದಿ ಹೊಡೆದುಕೊಂಡು ಬಂದಿದ್ದರು, ಅವನಿಗಿಂತ ಹಂದಿಯೇ ಹೆಚ್ಚು ಅಂಕ ಕೊಟ್ಟಿತು ಎಂದು ಸಾಯುವ ತನಕ ನಗುತ್ತಿದ್ದರು. ನಾನೂ ಒಂದು ಬದಲು ನಿನ್ನ ಮುಂದಿಡುತ್ತೇನೆ.

ನನ್ನ ಮೊದಲ ಸರದಿ ನಿಮಗೆ. ಗ್ಯಾಡ್ಸ್‌ಬಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನಿಮ್ಮ ಮೂರನೆಯ ಸರದಿ ನನಗೆ. ಅದರ ಜೊತೆಗೆ ಭಾನುವಾರ ಡ್ರಾಫ್ಟ್ ಶುರುವಾದಾಗಿನಿಂದ ಮುಗಿಯುವ ತನಕ ನೀನು ನನ್ನ ಮೇಜಿನಲ್ಲಿ ಕೂರಬೇಕು. ನಾನು ಸೆಡ್ಲಾಕನ ಚೀಟಿ ಅಂಟಿಸಲು ಎದ್ದಾಗ ನೀನು ಬೇಡ ಬೇಡ ಎಂದು ತೋಳು ಹಿಡಿದೆಳೆಯಬೇಕು. ನಾನು ಕೇಳುವುದಿಲ್ಲ, ಅಂಟಿಸುತ್ತೇನೆ. ನೀನು ಎಲ್ಲರೆದುರು ಅಳಿಯನ ಮಾತು ಹೇಳಿ ನಗಿಸು, ಬೇಜಾರಿಲ್ಲ. ಕೊನೆಯ ಸ್ಥಾನಕ್ಕೆ ಬಂದರೆ ಟೋಪಿ ನನ್ನ ಬೀರುವಿನಲ್ಲೇ ಇದೆ.

ಮೊದಲ ಸರದಿಯನ್ನು ಹೀಗೆ ಕೊಡುವವರು ಹುಚ್ಚರು ಎಂದು ಯಾರಾದರೂ ಹೇಳಬಹುದು. ಹೇಳಲಿ. ನೀನು ಯೋಚಿಸಿ ಹೇಳು. ಬರದಿದ್ದರೆ ನಾನೇನೂ ಅಂದುಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳು. ಅಂದುಕೊಳ್ಳುತ್ತೇನೆ.

ದೇವರು ನಿನ್ನನ್ನು ಆಶೀರ್ವದಿಸಲಿ.

ನಿನ್ನ ಜಡೆಯನ್ನು ಮೊಟ್ಟಮೊದಲು ಹೆಣೆದ
ಅಮ್ಮ
(ಜೋಲೀನ್ ಕುಚೆರಾ)

ಇನ್ನೊಂದು ಮಾತು: ಲಕೋಟೆ ಅಂಟಿಸಲು ನಾಲಿಗೆ ಚಾಚಿದೆ, ಒಸಡು ಚುರ್ ಎಂದಿತು. ದೇವರು ನೆನಪಿಸುವ ರೀತಿಯೇ ಹೀಗೆ. ಸೋಮವಾರ ನಾನು ಹೋದದ್ದು ನಮ್ಮೂರ ಹಲ್ಲಿನ ಡಾಕ್ಟರ ಹತ್ತಿರ ಅಲ್ಲ. ಕಾರ್ನಿ ಪಟ್ಟಣಕ್ಕೆ ಹೋಗಿದ್ದೆ, ನಿನ್ನ ಅತ್ತೆ ಹಲ್ಲು ಶುಚಿ ಮಾಡುವ ಕೆಲಸದಲ್ಲಿರುವಲ್ಲಿಗೆ. ಬೇಕೆಂದೇ ಅವರ ಸಮಯ ಕೇಳಿ ಪಡೆದೆ. ಮುಖಕ್ಕೆ ನಾಲ್ಕು ಮಾತು ಹೇಳಿ ಬರೋಣವೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಆ ಕುರ್ಚಿಯಲ್ಲಿ ಅಂಗಾತ ಮಲಗಿಸಿ, ಕೊರಳಿಗೆ ಕಾಗದದ ಬಟ್ಟೆ ಕಟ್ಟಿ, "ಬಾಯಿ ದೊಡ್ಡದಾಗಿ ತೆರೀರಿ ಜೋಲೀನ್" ಎಂದರು. ನನ್ನ ನಾಲ್ಕು ಮಾತೂ ಒಳಗೇ ಉಳಿದವು. ಮಾತೆಲ್ಲ ಅವರದೇ ಆಯಿತು.

"ಅವತ್ತು ಕಿಟಕೀಲಿ ನಿಮ್ಮನ್ನ ನೋಡಿದೆ. ಡಬ್ಬ ಇಟ್ಟು ಕಣ್ಣೊರೆಸ್ಕೊಂಡು ಹೋದ್ರಿ. ಶೆಲ್ಬಿಗೆ ಹೇಳಿಲ್ಲ" ಎಂದರು. ಒಸಡಿನ ಸಂದಿಗೆ ಕೊಕ್ಕೆ ಹಾಕಿ ಕೆರೆಯುತ್ತ ಮುಂದುವರಿಸಿದರು. "ನಿಮಗೊಂದು ವಿಷಯ ಗೊತ್ತಾ? ನನಗೆ ಇಬ್ಬರೂ ಗಂಡುಮಕ್ಕಳು. ಜಡೆ ಹೆಣೆಯೋಕೆ ಸಿಕ್ಕಿದ ಮೊದಲ ತಲೆ ನಿಮ್ಮ ಮಗಳದು. ಹೆಣೆದು ಮುಗಿಸಿದ್ರೆ ಏನಂತಾಳೆ? ಚೆನ್ನಾಗಿದೆ, ಆದ್ರೆ ಅಮ್ಮನ ಹೆಣಿಗೆ ಇನ್ನೂ ಬಿಗಿ ಅಂತಾಳೆ. ಆಟ ನೋಡೋಣ ಅಂದ್ರೆ, ಸದ್ದು ತೆಗೀರಿ, ಅಮ್ಮ ಹೀಗೇ ನೋಡೋದು ಅಂತಾಳೆ. ಕೊಲಾಚೆ ತಿಂತಾ ಇದೇ ಕೊಲಾಚೆ ಅಂದ್ರೆ ಅಂತಾಳೆ, ನನ್ನ ಲಿಂಬೆ ಬಾರ್ ಮುಂದೆ ಇಟ್ಕೊಂಡು! ನಿಜ ಹೇಳ್ತೀನಿ ಜೋಲೀನ್, ನಿಮ್ಮ ಹೆಸರು ಕೇಳಿ ಕೇಳಿ ನಂಗೆ ಹೊಟ್ಟೆ ಉರಿದು ಹೋಗಿದೆ." ಆ ಹೊತ್ತಿಗೆ ಕೊಕ್ಕೆ ಸ್ವಲ್ಪ ಜೋರಾಗಿಯೇ ಕೆರೆಯಿತು. ಒಸಡು ಇನ್ನೂ ನೋಯುತ್ತಿರುವುದು ಅದಕ್ಕೇ.

ಇದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದಕ್ಕೇ ಇನ್ನೊಂದು ಸಲ ಪಾಪನಿವೇದನೆಗೆ ಹೋಗಬೇಕು.

ಉಗುಳಲು ಬಿಟ್ಟಾಗ ಬದಲಿನ ಮಾತು ಹೇಳಿದೆ. ಅವರು ಕೊಕ್ಕೆ ಕೆಳಗಿಟ್ಟು ನಕ್ಕರು. "ಒಂದು ದಿನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ಗ್ಯಾಡ್ಸ್‌ಬಿನಾ? ಸುಮ್ನೆ ಕೇಳಿದ್ರೆ ಕಳಿಸ್ತಿದ್ದೆ!" ಕಳಿಸಲು ಅವರ್ಯಾರು? ಆ ಮಾತಿಗೆ ಆರಿದ್ದ ಉರಿ ಮತ್ತೆ ಹತ್ತಿಕೊಂಡಿತು, ಈಗಲೂ ಆರಿಲ್ಲ. ಆದರೂ ಕೈ ಕುಲುಕಿದ್ದೇವೆ. ನಿನ್ನ ಅತ್ತೆಯನ್ನು ನೀನು ಕೇಳಬೇಕಾಗಿಲ್ಲ, ನೀನು ಒಪ್ಪಿದರೆ ಸಾಕು. ರಬ್ಬರಿನ ಕೈಗವಸು ಹಾಕಿಕೊಂಡು ಕುಲುಕಿದ ಬದಲು ನಡೆಯುತ್ತದಾ ಎಂದು ಮಾತ್ರ ಫಾದರನ್ನು ಕೇಳಬೇಕು.

ನಾನು ಕುರ್ಚಿಯಿಂದ ಏಳುವಾಗ ಅವರು ಮೆಲ್ಲಗೆ, "ಡ್ರಾಫ್ಟ್ ಮುಗಿದ ಮೇಲೆ ವಾಪಸ್ ಕಳಿಸ್ತೀರಿ ತಾನೇ?" ಎಂದು ಕೇಳಿದರು. ನಾನು ಆಗ ಬಾಯಿ ಮುಕ್ಕಳಿಸುತ್ತಿದ್ದೆ. ಬಹಳ ಹೊತ್ತು ಮುಕ್ಕಳಿಸಿದೆ.